ಕಲ್ಲುಬಾವಿ ಇಳಿಜಾರಿನಲ್ಲಿ ಇಂಜಿನ್ ಆರಿಸಬೇಡಿ

ಕರೆಂಟ್ ಹೋಯ್ತಾ? ಹೋಗಲಿ ಬಿಡಿ. ಬಾಳಗಡಿಯಲ್ಲಿ ರಾತ್ರಿ ಹೋದ ಕರೆಂಟ್ ಅಷ್ಟು ಸುಲಭಕ್ಕೆ ಬರೋದಿಲ್ಲ. ಆ ಶಟರ್ ಅರ್ಧ ಇಳಿಸಿ, ಚಳಿ ಒಳಗೆ ನುಗ್ತಿದೆ. ಮೊಬೈಲ್ ಟಾರ್ಚನ್ನೂ ಆರಿಸಿ ಮಾರಾಯ್ರೆ, ಕಣ್ಣಿಗೆ ಹೊಡೀತದೆ. ಕೊನೆಯಲ್ಲಿ ಅದು ಬೇಕಾಗ್ತದೆ, ಆಗ ನಾನೇ ಹೇಳ್ತೇನೆ.

ನಿಮ್ಮ ಗಾಡಿಯ ಕಾರ್ಬೊರೇಟರನ್ನು ಅಸಾದುಲ್ಲಾ ಬಿಚ್ಚಿಟ್ಟಿದ್ದಾನೆ. ಬೆಳಕಿಲ್ಲದೆ ಅವನು ಅದಕ್ಕೆ ಕೈ ಹಾಕೋದಿಲ್ಲ. ಸಣ್ಣ ಜೆಟ್ ಒಂದು ಕೈಜಾರಿ ಬಿದ್ದರೆ ಬೆಳಗಿನ ತನಕ ನಾವೆಲ್ಲ ಮಂಡಿಯೂರಿ ನೆಲ ತಡವಬೇಕು. ಅದಕ್ಕೇ ಸುಮ್ಮನೆ ಕೂತಿರಿ, ಒಂದು ವಿಷಯ ಹೇಳ್ತೇನೆ. ನೀವು ಭಂಡಿಗಡಿ ಕಡೆಯ ಒಳದಾರಿ ಹಿಡಿದು ಶೃಂಗೇರಿಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರ್ತೀವಿ ಅಂದ್ರಲ್ಲ, ಆ ದಾರಿಯಲ್ಲಿ ಕಲ್ಲುಬಾವಿ ಇಳಿಜಾರು ಅಂತ ಒಂದು ಸಿಗ್ತದೆ. ಅಲ್ಲಿಗೆ ಮುಂಚೆ ಸಿಗೋ ಚಾ ಅಂಗಡಿಯಲ್ಲಿ ಯಾರಾದರೂ ನಿಮಗೆ ಬುದ್ಧಿ ಹೇಳೇ ಹೇಳ್ತಾರೆ. "ತಮ್ಮಾ, ಗೋಳಿಮರ ಕಂಡ ಕೂಡ್ಲೇ ಇಂಜಿನ್ ಆಫ್ ಮಾಡಿ, ಸದ್ದು ಮಾಡ್ದೆ ಇಳಿದು ಹೋಗಿ" ಅಂತ.

ಕೇಳಬೇಡಿ. ಅವರ ಮಾತು ಕೇಳಬೇಡಿ. ನಾನು ತ್ರ್ಯಂಬಕ, ಪಕ್ಕದ ಜೆರಾಕ್ಸ್ ಅಂಗಡಿಯವನು, ಈ ಊರಿನ ಹಳೇ ಬೈಕ್ ಬಳಗದಲ್ಲಿ ಎಲ್ಲರಿಗಿಂತ ಬಾಯಿ ಜೋರು ಇರುವವನು. ನಾನು ಹೇಳ್ತಿದ್ದೇನೆ, ಆರಿಸಬೇಡಿ.

ಇದು ಅಜ್ಜನ ಕಾಲದ ಕತೆ ಅಲ್ಲ. ನನ್ನ ಪಕ್ಕದ ಮನೆಯಲ್ಲಿ ಆದದ್ದು. ಮೊನ್ನೆ ಮೊನ್ನೆ.

ಆ ತಿರುವಿನಲ್ಲಿ ರಸ್ತೆಗೆ ತಾಗಿ ಒಂದು ಬಾವಿ. ಅದರ ಮೇಲೆ ಬಾಗಿ ನಿಂತ ದೊಡ್ಡ ಆಲದ ಮರ, ನಾವು ಗೋಳಿಮರ ಅಂತೀವಿ. ಹಿಂದೆ ಆ ಬಾವಿಗೆ ಕಟ್ಟೆ ಇರಲಿಲ್ಲ. ಮೇಲಿನ ಎಸ್ಟೇಟಿನಲ್ಲಿ ಕೆಲಸಕ್ಕಿದ್ದ ಸುಬ್ಬಿ ಅನ್ನುವ ಹೆಂಗಸು... ಅವಳ ಮಗುವನ್ನು ಕೊಪ್ಪ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ರಾತ್ರಿ ಹೊತ್ತು ಸುದ್ದಿ ಬಂತಂತೆ. ಉಟ್ಟ ಸೀರೆಯಲ್ಲೇ ಓಡಿ ಬಂದು ರಸ್ತೆಗೆ ನಿಂತಳು. ಬಂದ ಗಾಡಿಗೆಲ್ಲ ಕೈ ಅಡ್ಡ ಹಾಕಿದಳು. "ಕೊಪ್ಪಕ್ಕಾ? ಕೊಪ್ಪಕ್ಕಾ?" ಒಬ್ಬರೂ ನಿಲ್ಲಿಸಲಿಲ್ಲ. ಕೊನೆಗೆ ಬಂದದ್ದು ಒಂದು ಲಾರಿಯೋ ಜೀಪೋ, ಅದಕ್ಕೆ ದಾರಿ ಬಿಡಲು ಪಕ್ಕಕ್ಕೆ ಸರಿದಳು. ಸರಿದ ಕಡೆ ನೆಲ ಇರಲಿಲ್ಲ.

ಆಮೇಲೆ ಕಟ್ಟೆ ಕಟ್ಟಿದರು. ಊರವರು ಇನ್ನೊಂದು ಪದ್ಧತಿಯನ್ನೂ ಕಟ್ಟಿದರು. ಇಂಜಿನ್ ಸದ್ದು ಕೇಳಿದರೆ ಸುಬ್ಬಿ ಎದ್ದು ಬರ್ತಾಳೆ, ಹಿಂದೆ ಹತ್ತಿ ಕೂರ್ತಾಳೆ. ಹಾಗಾಗಿ ಅವಳಿಗೆ ಕೇಳಿಸಬಾರದು. ಗೋಳಿಮರ ಕಂಡ ತಕ್ಷಣ ಕೀ ತಿರುಗಿಸು, ನ್ಯೂಟ್ರಲ್‌ಗೆ ಹಾಕು, ಬಾಯಿ ಮುಚ್ಚು. ಸೂಂ... ಅಂತ ಟಯರಿನ ಸದ್ದು ಮಾತ್ರ. ಕೆಳಗೆ ಮೋರಿ ದಾಟಿದ ಮೇಲೆ ಗೇರ್ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ತಾನೇ ಎದ್ದುಕೊಳ್ತದೆ. ಬಸ್ಸಿನವರು ಮಾಡೋದಿಲ್ಲ, ಇಂಜಿನ್ ಆರಿದರೆ ಅವರ ಬ್ರೇಕ್ ಹಿಡಿಯೋದಿಲ್ಲವಲ್ಲ. ಬೈಕಿನವರು ಎಲ್ಲರೂ ಮಾಡ್ತಿದ್ದರು. ನಾನೂ ಮಾಡ್ತಿದ್ದೆ. ಎಲ್ಲರೂ ಮಾಡ್ತಾರೆ ಅಂದಮೇಲೆ ಯಾಕೆ ಅಂತ ಯಾರು ಕೇಳ್ತಾರೆ?

ಒಂದು ರಾತ್ರಿ ನಾನು ಮತ್ತು ಗಜಾನನ ಶೃಂಗೇರಿಯಿಂದ ಬರ್ತಿದ್ದೆವು. ಗಜಾನನ ಅಂದರೆ ನನ್ನ ಪಕ್ಕದ ಮನೆಯವನು, ಲೈನ್‌ಮನ್. ಅವನದು ಹಳೇ ಯೆಜ್ಡಿ, ಎರಡು ಸೈಲೆನ್ಸರಿನದು. ಯಾರದೋ ಸೌದೆ ಕೊಟ್ಟಿಗೆಯಲ್ಲಿ ಕೋಳಿ ಮಲಗುತ್ತಿದ್ದ ಗಾಡಿಯನ್ನು ತಂದು ಜೀವ ಕೊಟ್ಟಿದ್ದ. ನನ್ನದು ರಾಜದೂತ್. ಗೋಳಿಮರಕ್ಕೆ ಸ್ವಲ್ಪ ಮುಂಚೆ ನನ್ನ ಚೈನ್ ಲಿಂಕ್ ಫಟ್ ಅಂತ ಕಡಿದು ಹೋಯ್ತು. ಹಿಂದೆ ರಸ್ತೆ ಮೇಲೆ ಚೈನ್ ಬಿದ್ದದ್ದು ಝಣ್ ಅಂತ ಕೇಳಿಸ್ತು. ಗಜಾನನ ನನ್ನ ಬಿಟ್ಟು ಹೋಗುವ ಪೈಕಿ ಅಲ್ಲ. ಅವನೂ ಇಂಜಿನ್ ಆರಿಸಿ, ಇಳಿದು, ಗಾಡಿ ತಳ್ಳಿಕೊಂಡು ನನ್ನ ಪಕ್ಕ ನಡೆದ.

ಇಬ್ಬನಿ ಎಲೆಯಿಂದ ತಟಕ್... ತಟಕ್... ಅಂತ ಬೀಳ್ತಿತ್ತು. ಬಿಸಿ ಸೈಲೆನ್ಸರ್ ತಣಿಯುವಾಗ ಟಿಣ್ ಟಿಣ್ ಅನ್ನೋದು ನಿಮಗೆ ಗೊತ್ತಲ್ಲ, ಅದೊಂದು. ಬಾವಿಕಟ್ಟೆ ದಾಟಿದೆವು. ಆಗ ಹಿಂದಿನಿಂದ... ಹವಾಯಿ ಚಪ್ಪಲಿ.

ಚಟ್... ಚಟ್... ಚಟ್...

ಹಿಮ್ಮಡಿಗೆ ರಬ್ಬರ್ ಬಡಿಯುವ ಸದ್ದು. ನಾವು ನಿಂತೆವು. ಅದೂ ನಿಂತಿತು.

"ಕೇಳಿತಾ?" ಅಂದೆ. ಪಿಸುಮಾತು.

"ಹ್ಞೂಂ."

"ಯಾರೋ ಕೂಲಿಯವರು ಇರಬೇಕು..."

"ತಿರುಗ್ಬೇಡ ಮಾರಾಯ. ನಡಿ."

ನಡೆದೆವು. ಚಟ್, ಚಟ್, ಚಟ್. ಮೋರಿ ಬಂತು. ಮೋರಿ ದಾಟಿದ ಮೇಲೆ ಸದ್ದಿಲ್ಲ. ಹನ್ನೊಂದು ಸಾವಿರ ವೋಲ್ಟಿನ ಕಂಬ ಹತ್ತಿ ಹಾಡು ಹೇಳ್ತಿದ್ದವನು ಗಜಾನನ, ಅವತ್ತು ಊರು ಮುಟ್ಟುವ ತನಕ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಇಂಜಿನ್ ಸದ್ದು ಇಲ್ಲದ್ದಕ್ಕೇ ಬಚಾವಾದೆವು ಅಂತ ಅವನ ಲೆಕ್ಕ, ಅವತ್ತಿಂದ ಅವನು ಆ ಪದ್ಧತಿಯನ್ನು ಒಂದು ದಿನವೂ ತಪ್ಪಿಸಲಿಲ್ಲ.

ಅದೇ ಅವನನ್ನು ಕೊಂದಿತು.

ಮುಂದಿನ ಚಳಿಗಾಲ. ಎಲ್ಲೋ ಲೈನ್ ಕಡಿದಿತ್ತು, ರಿಪೇರಿ ಮುಗಿಸಿ ಒಬ್ಬನೇ ಬರ್ತಿದ್ದ. ಯೆಜ್ಡಿಯಲ್ಲಿ ಕೀ ತಿರುಗಿಸಿದರೆ ಇಂಜಿನ್ ಜೊತೆ ಹೆಡ್‌ಲೈಟೂ ಹೋಗ್ತದೆ. ಉಳಿಯೋದು ಒಂದು ಸಣ್ಣ ಪಾರ್ಕಿಂಗ್ ದೀಪ. ಅವನ ಬ್ಯಾಟರಿ ಬೇರೆ ಸಾಯುವ ಹಂತದಲ್ಲಿತ್ತು. ಅಮಾವಾಸ್ಯೆ ಹತ್ತಿರ, ಮಂಜು, ದೀಪ ಇಲ್ಲ, ಇಳಿಜಾರು. ಬೆಳಗ್ಗೆ ಹಾಲಿನ ವ್ಯಾನಿನವರು ನೋಡಿದಾಗ ಗಾಡಿ ಬಾವಿಕಟ್ಟೆಗೆ ಗುದ್ದಿ ಬಿದ್ದಿತ್ತು. ಗಜಾನನ ಕಟ್ಟೆಯ ಬುಡದಲ್ಲಿದ್ದ. ನಾನು, ಅಸಾದುಲ್ಲಾ ಇಬ್ಬರೂ ಓಡಿದೆವು. ಗಾಡಿ ಎತ್ತಿದ್ದು ನಾವೇ. ಕೀ ಆಫ್ ಆಗಿತ್ತು. ಗೇರ್ ನ್ಯೂಟ್ರಲ್.

ಊರು ಏನಂತು ಗೊತ್ತಾ? "ಅವಳು ಎಳ್ಕೊಂಡ್ಳು." ಇನ್ನು ಕೆಲವರು, "ಗಾಡಿ ಸರಿ ಇಲ್ಲ, ಕೊಟ್ಟಿಗೆಯಿಂದ ತರಬಾರದಿತ್ತು." ಗಾಡಿ ಏನು ಮಾಡ್ತದೆ, ಪಾಪ? ಅದಕ್ಕೆ ದೀಪ ಇತ್ತು, ಆರಿಸಿದರು. ಬಾಯಿ ಇತ್ತು, ಮುಚ್ಚಿಸಿದರು. ನನಗೆ ಇವತ್ತಿಗೂ ಸಿಟ್ಟು ಬರ್ತದೆ.

ಆ ಸಿಟ್ಟನ್ನು ಊರ ಮುಂದೆ ಹೇಳಿದವಳು ಶಾಂಭವಿ, ಗಜಾನನನ ತಂಗಿ. ಎನ್.ಆರ್. ಪುರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕುತ್ತಿಗೆಯಲ್ಲಿ ಯಾವಾಗಲೂ ಒಂದು ಸೀಟಿ, ಅದನ್ನು ಊದದೆಯೂ ಜನ ಸಾಲಿನಲ್ಲಿ ನಿಲ್ಲುವಂಥ ದನಿ. ಅಣ್ಣನ ಉತ್ತರಕ್ರಿಯೆಯ ಬೊಜ್ಜ ಮುಗಿದ ವಾರವೇ ನುಜ್ಜುಗುಜ್ಜಾದ ಯೆಜ್ಡಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಇದೇ ಗ್ಯಾರೇಜಿಗೆ ಬಂದಳು.

"ಅಸಾದಣ್ಣ, ಇದನ್ನ ಎಬ್ಬಿಸ್ಬೇಕು."

ಅಸಾದುಲ್ಲಾ ತಲೆ ಕೆರೆದ. "ನೋಡು ಶಾಂಭವಿ, ಗಾಡಿ ಎಬ್ಬಿಸೋಕೆ ನಾನಿದ್ದೀನಿ. ಸುತ್ತ ಮೂರು ತಾಲೂಕಲ್ಲಿ ನನ್ನಂಗೆ ಟೈಮಿಂಗ್ ಕೂರಿಸೋನು ಯಾರಿಲ್ಲ. ಆದ್ರೆ ಜನ ಎಂತ ಹೇಳ್ತಾರೆ..."

"ಜನ ನನ್ನಣ್ಣನ್ನ ಎಬ್ಬಿಸ್ತಾರಾ? ಇಲ್ಲ ಅಲ್ವಾ. ನೀನು ಗಾಡಿ ಎಬ್ಬಿಸು."

ಬಳಗದವರೆಲ್ಲ ಕೈ ಹಾಕಿದೆವು. ಭಾನುವಾರ ಭಾನುವಾರ ಇಲ್ಲಿ ಸೇರೋದು. ಒಬ್ಬ ಮುಂದಿನ ಚಕ್ರದ ಫೋರ್ಕ್ ಹುಡುಕಿ ತಂದ, ಇನ್ನೊಬ್ಬ ಟ್ಯಾಂಕಿನ ನೆಗ್ಗು ಎಬ್ಬಿಸಿದ. ವೈರಿಂಗ್ ಪೂರ್ತಿ ನಾನು ಮಾಡಿದೆ. ಹೊಸ ಬ್ಯಾಟರಿ, ಹೊಸ ಬಲ್ಬು, ಹಗಲಿನಲ್ಲೂ ಕಣ್ಣು ಕುಕ್ಕುವ ಬೆಳಕು. ಶಾಂಭವಿ ಶಾಲೆ ಮುಗಿಸಿ ಬಂದು ಎಮೆರಿ ಪೇಪರ್ ಹಿಡಿದು ಕೂರ್ತಿದ್ದಳು. ಪ್ಲಗ್ ಬಿಚ್ಚೋದು, ಪಾಯಿಂಟ್ ಗ್ಯಾಪ್ ನೋಡೋದು, ಪೆಟ್ರೋಲಿಗೆ ಆಯಿಲ್ ಬೆರೆಸೋದು ಎಲ್ಲ ಕಲಿತಳು. ಯೆಜ್ಡಿಯ ಕಿಕ್ಕರೇ ಗೇರ್ ಲಿವರು ಕೂಡ, ಒಳಗೆ ಒತ್ತಿ ಹಿಂದಕ್ಕೆ ತಿರುಗಿಸಬೇಕು. ಅದನ್ನು ಕಲಿಯುವಾಗ ಮೊಣಕಾಲಿನ ಕೆಳಗೆ ಹೊಡೆಸಿಕೊಂಡಳು, ಆಮೇಲೆ ಗಾಡಿಗೇ ಬೈದಳು.

ಒಂದೇ ಒಂದು ಕೆಲಸ ನಮ್ಮ ಕೈಲಾಗಲಿಲ್ಲ. ಅದನ್ನು ನೀವು ನೆನಪಿಟ್ಟುಕೊಳ್ಳಿ. ಹಳೇ ಗಾಡಿಗಳಲ್ಲಿ ಎಡಗಡೆ ಹಿಂದೆ ಒಂದು ಮಡಚುವ ಪಟ್ಟಿ ಇರ್ತದೆ. ಸೀರೆ ಉಟ್ಟವರು ಒಂದೇ ಬದಿಗೆ ಕೂತಾಗ ಎರಡೂ ಪಾದ ಇಡೋದಕ್ಕೆ. ಗಜಾನನ ಮದುವೆಯಾಗದವನು, ಅದನ್ನು ಯಾವತ್ತೂ ಬಿಡಿಸಿಯೇ ಇರಲಿಲ್ಲ. ತುಕ್ಕು ಹಿಡಿದು ಅಂಟಿಕೊಂಡಿತ್ತು. ಶಾಂಭವಿಗೆ ಅದು ಬೇಕಿತ್ತು, ಒಂದು ದಿನ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೋಗಬೇಕು ಅಂತ ಆಸೆ. ಅಸಾದುಲ್ಲಾ ಸೀಮೆಎಣ್ಣೆ ಬಿಟ್ಟ, ಗ್ಯಾಸಿನಲ್ಲಿ ಕಾಯಿಸಿದ, ಸುತ್ತಿಗೆಯಲ್ಲಿ ಠಣ್ ಠಣ್ ಅಂತ ಬಾರಿಸಿದ. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಕೊನೆಗೆ ಸುತ್ತಿಗೆ ಎಸೆದು, "ಇನ್ನು ಕಟ್ ಮಾಡ್ಬೇಕು ಅಷ್ಟೆ. ಬಿಡು, ಹಂಗೇ ಇರ್ಲಿ" ಅಂದ. ಹಾಗೇ ಇತ್ತು. ಗಟ್ಟಿಯಾಗಿ ಮೇಲಕ್ಕೆ ಮಡಚಿಕೊಂಡು.

ಗಾಡಿ ತಯಾರಾಯ್ತು. ಮನೆಯಲ್ಲಿ ರಾಮಾಯಣ ಶುರುವಾಯ್ತು. ಶಾಂಭವಿಯ ಅಮ್ಮ ಅನ್ನಪೂರ್ಣೇಶ್ವರಿ ಗಟ್ಟಿ ಹೆಂಗಸು, ಎದುರು ಮಾತಾಡುವಾಗ ಕಣ್ಣು ತಗ್ಗಿಸುವವರಲ್ಲ. ಮಗಳು ಯಾರನ್ನು ಹೋಲ್ತಾಳೆ ಅಂತ ಅವರನ್ನು ನೋಡಿದರೆ ತಿಳೀತದೆ. ಮಂಗಳೂರು ಕಡೆಯ ಒಬ್ಬ ಹಳೇ ಗಾಡಿ ಸಂಗ್ರಹ ಮಾಡುವವನಿಗೆ ಫೋನ್ ಮಾಡಿಸಿ, ಭಾನುವಾರ ಬಂದು ತಗೊಂಡು ಹೋಗಿ ಅಂದಿದ್ದರು. ಜಗಳ ನನ್ನ ಅಡಿಗೆಮನೆಯ ತನಕ ಕೇಳಿಸ್ತಿತ್ತು.

"ಅದು ನನ್ನ ಮಾಣಿನ ತಿಂದಿದೆ. ಅದು ಅಂಗಳದಲ್ಲಿ ನಿಂತ್ರೆ ನಂಗೆ ತುತ್ತು ಇಳಿಯಲ್ಲ ಕೂಸೆ."

"ಗಾಡಿ ತಿಂದಿದ್ದಲ್ಲ ಅಮ್ಮ! ಕೀ ಆಫ್ ಮಾಡಿದ್ದು ತಿಂದಿದ್ದು. ದೀಪ ಇದ್ದಿದ್ರೆ ಅಣ್ಣ ಇವತ್ತು ಇಲ್ಲೇ ಕೂತು ಕಾಫಿ ಕುಡೀತಿದ್ದ."

"ಹಂಗಾದ್ರೆ ಊರೋರೆಲ್ಲ ದಡ್ಡರಾ?"

"ಹೌದು. ಎಲ್ಲರೂ. ಮಗು ಆಸ್ಪತ್ರೆಲಿ ಉಂಟು, ಕರ್ಕೊಂಡು ಹೋಗಿ ಅಂತ ಒಬ್ಬಳು ಕೈ ಅಡ್ಡ ಹಾಕಿದ್ಳು. ಯಾರೂ ನಿಲ್ಸಿಲ್ಲ. ಈಗ ಅವಳಿಗೆ ಕೇಳ್ಬಾರ್ದು ಅಂತ ಕಳ್ಳರಂಗೆ ಇಂಜಿನ್ ಆರಿಸ್ಕೊಂಡು ಓಡ್ತಾರೆ. ನಾಚಿಕೆ ಆಗ್ಬೇಕು. ದೆವ್ವ ಯಾರು, ಅವಳಾ ಇವರಾ?"

ಆಗ ಕೇಳಿಸಿದ್ದು ಅನ್ನಪೂರ್ಣೇಶ್ವರಿಯವರ ತಣ್ಣನೆಯ ದನಿ. "ಅಷ್ಟು ಧೈರ್ಯ ಇದ್ರೆ ರಾತ್ರಿ ಆ ದಾರೀಲಿ ಇಂಜಿನ್ ಇಟ್ಕೊಂಡೇ ಬಾ. ಸುಸೂತ್ರ ಬಂದ್ರೆ ಗಾಡಿ ಇರ್ಲಿ. ನಾನು ಇನ್ನು ಬಾಯಿ ತೆಗೆಯಲ್ಲ."

ಮಗಳು ಹೆದರಿ ಹಿಂದೆ ಸರೀತಾಳೆ ಅಂದುಕೊಂಡು ಹೇಳಿದ್ದು. ಶಾಂಭವಿ ಹೆಲ್ಮೆಟ್ ಎತ್ತಿಕೊಂಡಳು.

ಶನಿವಾರ ರಾತ್ರಿ. ಅವಳು ಸಂಜೆಯೇ ಶೃಂಗೇರಿಗೆ ಹೋಗಿದ್ದಳು, ಊಟ ಮುಗಿಸಿ ವಾಪಸ್ ಹೊರಡೋದು ಅಂತ ಮಾತು. ನಾವು ಯಾರೂ ಜೊತೆಗೆ ಬರಬಾರದು ಅಂದಿದ್ದಳು. "ನೀವು ಹಿಂದೆ ಬಂದ್ರೆ ಹೆಡ್‌ಲೈಟ್ ನಿಮ್ಮದು, ಧೈರ್ಯ ನಿಮ್ಮದು ಅಂತಾರೆ." ಆದರೂ ಮನಸ್ಸು ಕೇಳಬೇಕಲ್ಲ? ನಾನು, ಅಸಾದುಲ್ಲಾ ಇಳಿಜಾರಿನ ಕೆಳಗೆ ಮೋರಿ ಕಟ್ಟೆಯ ಮೇಲೆ ಹೋಗಿ ಕೂತೆವು. ನನ್ನ ರಾಜದೂತ್ ಪಕ್ಕದಲ್ಲಿ.

ಚಳಿ. ಕತ್ತಲೆ ಅಂದರೆ ಎದುರಿಗೆ ಹಿಡಿದ ಕೈ ಕಾಣ್ತಿರಲಿಲ್ಲ. ಸುತ್ತ ಮುತ್ತ ಒಂದು ಮನೆ ಇಲ್ಲ. ಅಸಾದುಲ್ಲಾ ಮೂರು ತಾಲೂಕಿಗೆ ಕೇಳುವಂತೆ ಮಾತಾಡುವ ಮನುಷ್ಯ, ಅವತ್ತು ತುಟಿಯೊಳಗೇ ದುವಾ ಹೇಳ್ತಾ ಕೂತಿದ್ದ.

"ತ್ರ್ಯಂಬಕಣ್ಣ..."

"ಎಂತ?"

"ಬಂತು."

ನನಗೆ ಮೊದಲು ಏನೂ ಕೇಳಲಿಲ್ಲ. ಆಮೇಲೆ ಕೇಳಿಸ್ತು. ದೂರ, ಗುಡ್ಡದ ಆಚೆಯಿಂದ. ಡುಗು ಡುಗು ಡುಗು ಡುಗು... ಯೆಜ್ಡಿಯ ಸದ್ದು ನಿಮಗೆ ಹೇಳಬೇಕಾ? ಎರಡು ಸೈಲೆನ್ಸರಿನಿಂದ ಒಟ್ಟಿಗೆ ಬರುವ ಆ ಟೊಳ್ಳು ದನಿ, ಥ್ರಾಟಲ್ ಬಿಟ್ಟಾಗ ನಡುವೆ ಒಂದು ಟಿಂಗ್... ಟಿಂಗ್... ಹಾಗೇ ಹತ್ತಿರ ಬಂತು. ಮೇಲೆ ಮರದ ಎಲೆಗಳಲ್ಲಿ ಬೆಳಕು ಆಡಿತು. ನನ್ನ ವೈರಿಂಗು, ನನ್ನ ಬಲ್ಬು. ಗೋಳಿಮರದ ಬಿಳಲುಗಳೆಲ್ಲ ಬೆಳ್ಳಗೆ ಕಂಡವು. ಎಷ್ಟೋ ವರ್ಷದಿಂದ ಆ ಮರದ ಕೆಳಗೆ ಬೈಕಿನ ಬೆಳಕು ಬಿದ್ದಿರಲಿಲ್ಲ.

ಅವಳು ಕೀ ಆರಿಸಲಿಲ್ಲ. ಆರಿಸೋದಿರಲಿ, ಹಾರ್ನ್ ಹೊಡೆದಳು! ಪೇಂ... ಪೇಂ... ಅಂತ ಉದ್ದಕ್ಕೆ. "ಹುಚ್ಚಿ" ಅಂದ ಅಸಾದುಲ್ಲಾ. ನನಗೆ ನಗು ಬಂತು, ನಿಜ ಹೇಳ್ತೇನೆ, ಎದೆ ಉಬ್ಬಿತು.

ಆಗ ಇಂಜಿನ್ ನಿಂತಿತು.

ಬೆಳಕೂ ಹೋಯ್ತು. ಎರಡೂ ಒಟ್ಟಿಗೆ.

"ಆಫ್ ಮಾಡಿದ್ಳಾ?" ಅಂದೆ.

"ಅಲ್ಲ." ಅಸಾದುಲ್ಲಾ ನನ್ನ ತೋಳು ಹಿಡಿದ. "ಆಫ್ ಮಾಡಿದ್ರೆ ಹಂಗೆ ನಿಲ್ಲಲ್ಲ. ಇದು... ಕೈಯಲ್ಲಿ ಹಿಡಿದು ನಿಲ್ಸಿದಂಗೆ ನಿಂತಿತು."

ಮೇಲೆ ಏನಾಯ್ತು ಅನ್ನೋದನ್ನು ಶಾಂಭವಿ ನಮಗೆ ಆಮೇಲೆ ಹೇಳಿದ್ದು. ಅವಳು ಸುಳ್ಳು ಹೇಳುವವಳಲ್ಲ, ಹೆಚ್ಚು ಮಾಡಿ ಹೇಳುವವಳೂ ಅಲ್ಲ. ಅವಳು ಹೇಳಿದಷ್ಟೇ ಹೇಳ್ತೇನೆ.

ಬ್ರೇಕ್ ಹಿಡಿದು ಗಾಡಿ ನಿಲ್ಲಿಸಿದಳು. ಬಾವಿಕಟ್ಟೆ ಸರಿಯಾಗಿ ಎಡಕ್ಕೆ. ಕೀ ಮುಟ್ಟಿ ನೋಡಿದಳು, ಆನ್ ಇದೆ. ಟ್ಯಾಂಕ್ ಅಲ್ಲಾಡಿಸಿದಳು, ಒಳಗೆ ಪೆಟ್ರೋಲ್ ಕುಲುಕಿತು. ಕಿಕ್ ಹೊಡೆದಳು. ಖರ್ರ್... ಅಷ್ಟೇ. ಮತ್ತೆ ಹೊಡೆದಳು. ಖರ್ರ್... ಮೂರನೇ ಸಲಕ್ಕೆ ಕಾಲೆತ್ತಿದಾಗ ಹಿಂದಿನಿಂದ ಕೇಳಿಸ್ತು.

ಚಟ್... ಚಟ್... ಚಟ್...

ಹವಾಯಿ ಚಪ್ಪಲಿ. ಒದ್ದೆ ಚಪ್ಪಲಿ, ಪ್ರತಿ ಹೆಜ್ಜೆಗೂ ಪಚ್ ಅನ್ನೋದು ಕೂಡ ಕೇಳ್ತಿತ್ತು ಅಂದಳು. ಗಾಡಿಯ ಹತ್ತಿರ ಬಂದು ನಿಂತಿತು. ಯಾರೋ ಓಡಿ ಬಂದವರ ಹಾಗೆ ಏದುಸಿರು.

"...ಕೊಪ್ಪಕ್ಕಾ?"

ಒಂದೇ ಮಾತು. ಮೆಲ್ಲಗೆ. ಈಗಲೂ ಇಲ್ಲ ಅಂತಾರೇನೋ ಅಂತ ಹೆದರಿ ಕೇಳಿದ ಹಾಗೆ.

ಶಾಂಭವಿ ತಿರುಗಲಿಲ್ಲ. ಬೆನ್ನು ಪೂರಾ ತಣ್ಣಗಾಗಿತ್ತಂತೆ. ಆದರೆ ಹೆದರಿಕೆಗಿಂತ ಮೊದಲು ಅವಳಿಗೆ ಬಂದದ್ದು ಕೋಪ.

"ಮೊದ್ಲು ಒಂದು ಮಾತು ಹೇಳು. ನನ್ನಣ್ಣನ್ನ ನೀನು ಎಳೆದ್ಯಾ?"

ಏದುಸಿರು ನಿಂತಿತು. ಇಬ್ಬನಿ ತಟಕ್ ಅಂತ ಟ್ಯಾಂಕಿನ ಮೇಲೆ ಬಿತ್ತು. ಆಮೇಲೆ...

"...ದೀಪ ಇರ್ಲಿಲ್ಲ."

ಅಷ್ಟೇ ಹೇಳಿದ್ದು. ಅದು ಗಜಾನನನ ಬಗ್ಗೆ ಹೇಳಿದ್ದೋ, ತನ್ನ ಬಗ್ಗೆಯೇ ಹೇಳಿಕೊಂಡದ್ದೋ, ಶಾಂಭವಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಅಣ್ಣ ಸತ್ತಾಗಲೂ ಅತ್ತವಳಲ್ಲ ಅವಳು. ಹೆಲ್ಮೆಟ್ಟಿನೊಳಗೇ ಕಣ್ಣೀರು ಇಳಿಯಿತು, ಒರೆಸಿಕೊಳ್ಳಲಿಕ್ಕೂ ಆಗಲಿಲ್ಲ.

"ಕೂತ್ಕೊ" ಅಂದಳು. "ಕೊಪ್ಪಕ್ಕೇ ಹೋಗೋದು, ಆಸ್ಪತ್ರೆ ಗೇಟಲ್ಲಿ ಬಿಡ್ತೀನಿ. ಆದ್ರೆ ಕೇಳು, ಇಂಜಿನ್ ನಿಲ್ಸೋದು ಗಿಲ್ಸೋದು ಮಾಡ್ಬೇಡ. ದೀಪ ಉರೀಬೇಕು. ನನ್ ಗಾಡೀಲಿ ಕೂರೋರು ನನ್ ಮಾತು ಕೇಳ್ಬೇಕು."

ದೆವ್ವಕ್ಕೆ ಪಿ.ಟಿ. ಪೀರಿಯಡ್! ನಗಬೇಡಿ, ಅವಳು ಹೇಳಿದ್ದು ಹಾಗೇ.

ಹಿಂದೆ ಏನೋ ಕಿರ್ರ್... ಕಟಕ್ ಅಂತು. ಕಬ್ಬಿಣದ ಸದ್ದು. ಆಮೇಲೆ ಸೀಟಿನ ಸ್ಪ್ರಿಂಗು ಕಿಂಯ್ಕ್ ಅಂತ ಇಳಿಯಿತು. ಗಾಡಿ ಭಾರವಾಯ್ತು. ಕಿಕ್ ಹೊಡೆದಳು, ಅರ್ಧ ಕಿಕ್ಕಿಗೇ ಇಂಜಿನ್ ಎದ್ದಿತು. ಹೆಡ್‌ಲೈಟ್ ಝಗ್ ಅಂತ ಹತ್ತಿತು.

ಈಗ ನಾನು ಕಂಡದ್ದು, ಕೇಳಿದ್ದು. ಇದಕ್ಕೆ ನಾನೇ ಸಾಕ್ಷಿ, ಅಸಾದುಲ್ಲಾ ಸಾಕ್ಷಿ. ಕೆಳಗೆ ನಾವು ಇನ್ನು ತಡೆಯೋದು ಬೇಡ, ಹೋಗೋಣ ಅಂತ ರಾಜದೂತ್ ಕಿಕ್ಕಿಗೆ ಕಾಲಿಟ್ಟಿದ್ದೆವು. ಆಗ ಮೇಲಿಂದ ಮತ್ತೆ ಡುಗು ಡುಗು ಶುರುವಾಯ್ತು. ನನ್ನ ಜೀವ ವಾಪಸ್ ಬಂತು. ಆದರೆ ಅಸಾದುಲ್ಲಾ ನನ್ನ ಭುಜ ಹಿಡಿದು ನಿಲ್ಲಿಸಿದ. ಕಿವಿಗೊಟ್ಟು ಕೇಳಿಸಿಕೊಂಡ.

"ಡಬಲ್" ಅಂದ.

"ಎಂತ ಡಬಲ್?"

"ಸೌಂಡ್ ಕೇಳು. ಲೋಡ್ ಉಂಟು. ಹಿಂದೆ ಯಾರೋ ಕೂತಿದ್ದಾರೆ."

ಬೆಳಕು ತಿರುವು ದಾಟಿ ನಮ್ಮ ಮೇಲೆ ಬಿತ್ತು. ಶಾಂಭವಿ ನೆಟ್ಟಗೆ ಕೂತು ಬರ್ತಿದ್ದಳು. ನಾನು ಕೈ ಎತ್ತಿದೆ. ಅವಳು ನಿಲ್ಲಿಸಲಿಲ್ಲ, ತಲೆ ಮಾತ್ರ ಒಂಚೂರು ಆಡಿಸಿದಳು. ನಮ್ಮನ್ನು ದಾಟಿ ಹೋದಳು. ಹಿಂದಿನ ಸೀಟು ಖಾಲಿ. ಪೂರಾ ಖಾಲಿ, ನಾನು ಕಣ್ಣು ಬಿಟ್ಟು ನೋಡಿದ್ದೇನೆ. ಆದರೆ ಮೋರಿಯ ಉಬ್ಬು ಹತ್ತುವಾಗ ಆ ಗಾಡಿಯ ಹಿಂಭಾಗ ಕೂತಿತ್ತು. ಸೈಲೆನ್ಸರಿನ ತುದಿ ಟಾರಿಗೆ ಸವರಿ ಸರ್ರ್ ಅಂತು. ಒಬ್ಬಳೇ ಕೂತರೆ ಆ ಗಾಡಿ ಅಲ್ಲಿ ಸವರೋದಿಲ್ಲ, ಬೇಕಾದರೆ ನಾಳೆ ಪರೀಕ್ಷೆ ಮಾಡಿ.

ನಾವು ಹಿಂದೆ ಹೋದೆವು. ದೂರದಿಂದಲೇ, ಯಾಕೆ ಸುಳ್ಳು ಹೇಳ್ಲಿ. ಕೊಪ್ಪ ಪೇಟೆಯೆಲ್ಲ ಬಾಗಿಲು ಹಾಕಿತ್ತು. ಶಾಂಭವಿ ಮನೆಗೆ ತಿರುಗಲಿಲ್ಲ. ನೇರ ಆಸ್ಪತ್ರೆಗೆ ಹೋಗಿ ಗೇಟಿನ ದೀಪದ ಕೆಳಗೆ ನಿಲ್ಲಿಸಿದಳು. ಇಂಜಿನ್ ಆರಿಸಲಿಲ್ಲ. ಡುಗು ಡುಗು ಅಂತ ನಿಂತೇ ಇತ್ತು. ಒಂದು ಗಳಿಗೆ. ಆಮೇಲೆ ಗಾಡಿಯ ಹಿಂಭಾಗ ಮೇಲಕ್ಕೆದ್ದಿತು. ಅಷ್ಟು ದೂರಕ್ಕೂ ಆ ಕಿಂಯ್ಕ್ ಕೇಳಿಸ್ತು. ಗೇಟಿನ ಹತ್ತಿರ ಮಲಗಿದ್ದ ನಾಯಿ ಎದ್ದು, ಬೊಗಳದೆ, ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಚಟ್ ಚಟ್ ಚಟ್... ಓಡುವ ಹೆಜ್ಜೆ. ಒಳಗೆ ಹೋಯ್ತು.

ಶಾಂಭವಿ ಹೆಲ್ಮೆಟ್ ತೆಗೆದು ಮುಖ ಒರೆಸಿಕೊಂಡಳು. ನಾವು ಹತ್ತಿರ ಹೋದಾಗ ಒಂದೇ ಮಾತು ಅಂದಳು. "ಇಷ್ಟೇ ಆಗಿತ್ತು ತ್ರ್ಯಂಬಕಣ್ಣ. ಇಷ್ಟು ವರ್ಷ ಯಾರಾದ್ರೂ ಒಬ್ರು ನಿಲ್ಸಿದ್ರೆ ಮುಗೀತಿತ್ತು. ನನ್ನಣ್ಣ ಇರ್ತಿದ್ದ."

ನಾನು ರಾಜದೂತ್ ತಿರುಗಿಸಿದೆ, ಅವಳ ಹಿಂದೆಯೇ ಮನೆ ದಾರಿ ಹಿಡಿದೆವು.

ಮನೆಗೆ ಬಂದಾಗ ಅನ್ನಪೂರ್ಣೇಶ್ವರಿ ಅಂಗಳದಲ್ಲೇ ನಿಂತಿದ್ದರು, ಶಾಲು ಹೊದ್ದು. ಮಗಳು ಗಾಡಿ ಸ್ಟ್ಯಾಂಡ್ ಹಾಕುವ ತನಕ ಕಾದರು. ಆಮೇಲೆ ಬಗ್ಗಿ ಗಾಡಿಯ ಎಡಗಡೆ ನೋಡಿದರು. ನೋಡುತ್ತಲೇ ನಿಂತರು. "ಯಾರನ್ನ ಕೂರಿಸ್ಕೊಂಡು ಬಂದೆ?" ಅಂದರು. ಶಾಂಭವಿ ಹೇಳಿದಳು. ಆ ಗಟ್ಟಿ ಹೆಂಗಸು ಮಗಳ ತಲೆ ಎದೆಗೆ ಒತ್ತಿಕೊಂಡು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ. ಭಾನುವಾರ ಮಂಗಳೂರಿನವನು ಪಿಕಪ್ ತಗೊಂಡು ಬಂದ. "ಕೊಡಲ್ಲ" ಅಂತ ಅಂಗಳದಿಂದಲೇ ಹೇಳಿ ಕಳಿಸಿದರು. ಅವನಿಗೆ ಕಾಫಿಯನ್ನೂ ಕೊಡಲಿಲ್ಲ, ಸಿಟ್ಟು ಯಾರ ಮೇಲೋ.

ಅದಾದ ಮೇಲೆ ಚಪ್ಪಲಿ ಸದ್ದನ್ನು ಆ ತಿರುವಿನಲ್ಲಿ ಯಾರೂ ಕೇಳಿಲ್ಲ. ಆದರೂ ಇಂಜಿನ್ ಆರಿಸುವವರು ಆರಿಸ್ತಲೇ ಇದ್ದಾರೆ. ಹೇಳಿದರೆ ನಮಗೇ ಹುಚ್ಚು ಅಂತಾರೆ. ಅನ್ನಲಿ. ನಮ್ಮ ಬಳಗದವರು ಈಗ ಅಲ್ಲಿ ಬೆಳಕು ಹಾಕಿಕೊಂಡು, ಹಾರ್ನ್ ಹೊಡೆದುಕೊಂಡೇ ಇಳೀತೇವೆ. ಕತ್ತಲಲ್ಲಿ ಯಾರಾದರೂ ಕೈ ಅಡ್ಡ ಹಾಕಿದರೆ ನಿಲ್ಲಿಸ್ತೇವೆ, ಯಾರೇ ಆಗಲಿ. ನೀವೂ ನಿಲ್ಲಿಸಿ.

ನಂಬಿಕೆ ಇಲ್ವಾ? ನಿಮ್ಮ ಮುಖ ಕತ್ತಲಲ್ಲೂ ಕಾಣ್ತದೆ. ಸರಿ, ಈಗ ಟಾರ್ಚ್ ಹಾಕಿ. ಅಗೋ, ಆ ಮೂಲೆಯಲ್ಲಿ ನಿಂತಿರೋದು ಅದೇ ಗಾಡಿ, ಕ್ಲಚ್ ಕೇಬಲ್ ಬದಲಿಸೋಕೆ ಬಂದಿದೆ. ಹತ್ತಿರ ಹೋಗಿ. ಎಡಗಡೆ, ಹಿಂದೆ. ನಾವು ಕಾಯಿಸಿ, ಬಡಿದು, ಸೋತು ಬಿಟ್ಟ ಆ ಪಟ್ಟಿ. ಈಗ ಕೆಳಗಿದೆ ಅಲ್ವಾ? ಸುತ್ತಿಗೆ ಗುರುತುಗಳೂ ಹಾಗೇ ಇವೆ ನೋಡಿ. ಮೇಲಕ್ಕೆ ಮಡಚಲು ನೋಡಿ... ನೋಡಿ, ಪರವಾಗಿಲ್ಲ, ಅಸಾದುಲ್ಲಾ ಏನೂ ಅನ್ನೋದಿಲ್ಲ. ಬರೋದಿಲ್ಲ. ಅವತ್ತಿಂದ ಹಾಗೇ ತೆರೆದಿದೆ. ಈಗ ಅನ್ನಪೂರ್ಣೇಶ್ವರಿ ಪ್ರತಿ ಶುಕ್ರವಾರ ಅದರ ಮೇಲೇ ಕಾಲಿಟ್ಟು ಪೇಟೆಗೆ ಹೋಗ್ತಾರೆ.